ನೀನು ಕನ್ನಡ ಹೇಗೆ ಕಲಿತೆ?

ಕೋಲಾರದ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೊದಲ ಸೆಮಿಸ್ಟರ್ ಶುರುವಾದ ಕೆಲವೇ ದಿನಕ್ಕೆ ಯಾರಾದರೂ ಸ್ಟಾಫ್ ರೂಮಿಗೆ ಬರುತ್ತಾರೆ. "ಮೇಡಂ, ನಾನು ನೋಡಿ ಕಲಿಯೋಳು. ಕೇಳಿದ್ರೆ ತಲೆಗೆ ಹತ್ತಲ್ಲ" ಅನ್ನುತ್ತಾರೆ. ಫೋನಿನಲ್ಲಿ 'ನಿಮ್ಮ ಕಲಿಕೆಯ ಶೈಲಿ ಯಾವುದು' ಅಂತ ಹೇಳುವ ಯಾವುದೋ ಕ್ವಿಜ್ ಮಾಡಿರುತ್ತಾರೆ. ಅದು ಅವರಿಗೊಂದು ಹೆಸರು ಕೊಟ್ಟಿರುತ್ತದೆ.

ಇಂಥ ಪ್ರಶ್ನಾವಳಿಗಳು ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. ಜಾಯ್ ರೀಡ್ ಎಂಬ ಅಧ್ಯಾಪಕಿ ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಬೇರೆ ಬೇರೆ ದೇಶದ ವಿದ್ಯಾರ್ಥಿಗಳಿಗೆ 30 ವಾಕ್ಯಗಳ ಪ್ರಶ್ನಾವಳಿ ಕೊಟ್ಟರು. 1987ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕಣ್ಣಿನಿಂದ, ಕಿವಿಯಿಂದ, ಮೈ ಆಡಿಸಿ, ಕೈಯಾರೆ ಮಾಡಿ, ಗುಂಪಿನಲ್ಲಿ, ಒಬ್ಬರೇ ಅಂತ ಕಲಿಕೆಯನ್ನು 6 ಬಗೆಯಾಗಿ ವಿಂಗಡಿಸಿದ್ದರು. ಮೈ ಮತ್ತು ಕೈ ಬಳಸಿ ಕಲಿಯುವುದನ್ನು ಬಹಳ ಜನ ಮೆಚ್ಚಿದ್ದರು. ಗುಂಪಿನಲ್ಲಿ ಕಲಿಯುವುದು ಹೆಚ್ಚಿನವರಿಗೆ ಬೇಡವಾಗಿತ್ತು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ 'ವಾರ್ಕ್' ಎಂಬ ಇಂಥದೇ ಪ್ರಶ್ನಾವಳಿ 1992ರಲ್ಲಿ ಬಂತು. ಅದು ಇನ್ನೂ ಜಾಸ್ತಿ ಹರಡಿತು.

ಈ ಪ್ರಶ್ನೆಗಳು ಹೇಳುವುದು ನಮಗೆ ಯಾವುದು ಇಷ್ಟ ಅಂತ ಮಾತ್ರ. ಇಷ್ಟವಾದ ರೀತಿಯಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದು ಬೇರೆ ಮಾತು. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಆ ಎರಡನೇ ಮಾತಿಗೆ ಸಾಕಷ್ಟು ಆಧಾರ ಇಲ್ಲ ಎಂದು ಬರೆದರು.

ಅದನ್ನು ಓದುವ ಮೊದಲೇ ಒಬ್ಬ ಹುಡುಗ ನನಗೆ ಇದನ್ನು ಕಲಿಸಿದ್ದ. ಬಂಗಾರಪೇಟೆ ಕಡೆಯವನು. ಕಿವಿ ಬಹಳ ಚುರುಕು. ಒಮ್ಮೆ ಕೇಳಿದ ವಾಕ್ಯವನ್ನು ಅದೇ ಏರಿಳಿತದಲ್ಲಿ ಹೇಳುತ್ತಿದ್ದ. "ನೀನು ಕೇಳಿ ಕಲಿಯೋನು ಕಣಪ್ಪ, ಕೇಳ್ತಾ ಇರು" ಎಂದು ಬೆನ್ನು ತಟ್ಟಿದೆ. ಅವನು ನಂಬಿದ. ನೋಟ್ಸ್ ಬರೆಯುವುದನ್ನೇ ಬಿಟ್ಟ. ಸೆಮಿಸ್ಟರ್ ಮುಗಿಯುವಾಗ ಅವನಿಗೆ ಮಾತಾಡುವ ಭಯವೇ ಇರಲಿಲ್ಲ. ಆದರೆ ಪರೀಕ್ಷೆಯಲ್ಲಿ 'ನಾಲೆಡ್ಜ್' ಪದವನ್ನು 'ಎನ್' ಅಕ್ಷರದಿಂದ ಶುರು ಮಾಡಿದ್ದ. 'ಡೌಟ್' ಪದದಲ್ಲಿ 'ಬಿ' ಇರಲಿಲ್ಲ. ಇಡೀ ಪೇಪರ್ ಹಾಗೇ ಇತ್ತು. ಕಿವಿಗೆ ಕೇಳದ ಅಕ್ಷರ ಅವನ ಪಾಲಿಗೆ ಇರಲೇ ಇಲ್ಲ. ಅವನಿಗೆ ಹೋದ ಅಂಕಗಳಿಗೆ ನಾನೇ ಹೊಣೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಕಷ್ಟ ಇದೆ. ಕನ್ನಡವನ್ನು ಬಹುಮಟ್ಟಿಗೆ ಬರೆದ ಹಾಗೇ ಓದುತ್ತೇವೆ, ಓದಿದ ಹಾಗೇ ಬರೆಯುತ್ತೇವೆ. ಕಾಗುಣಿತ ಬಂದರೆ ಕಣ್ಣಿಗೆ ಕಂಡದ್ದನ್ನು ಬಾಯಿ ಹೇಳುತ್ತದೆ, ಕಿವಿಗೆ ಕೇಳಿದ್ದನ್ನು ಕೈ ಬರೆಯುತ್ತದೆ. ಹತ್ತು ಹನ್ನೆರಡು ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ ಮಗು ಇದೇ ನಂಬಿಕೆಯಲ್ಲಿ ಇಂಗ್ಲಿಷ್ ಪುಸ್ತಕ ತೆರೆಯುತ್ತದೆ. ಪುಸ್ತಕ ನೋಡಿ ಕಲಿತವಳು 'ವೆಡ್‌ನೆಸ್‌ಡೇ' ಅನ್ನುತ್ತಾಳೆ, 'ವೆನ್ಸ್‌ಡೇ' ಅವಳ ಬಾಯಿಗೆ ಬರುವುದಿಲ್ಲ. ಬರೀ ಕೇಳಿ ಕಲಿತವನು ಅದೇ ಪದದಲ್ಲಿ 'ಡಿ' ಬಿಟ್ಟು ಬರೆಯುತ್ತಾನೆ. ಇಂಗ್ಲಿಷಿಗೆ ಕಣ್ಣೂ ಬೇಕು, ಕಿವಿಯೂ ಬೇಕು. ಒಂದಕ್ಕೆ ರಜೆ ಕೊಟ್ಟರೆ ಅರ್ಧ ಭಾಷೆ ಹೋಯಿತು.

ಅದಕ್ಕೇ ಈಗ ಕ್ವಿಜ್ ಮಾಡಿಕೊಂಡು ಬಂದವರಿಗೆ ನಾನು ಕೇಳುವುದು, "ನೀನು ಕನ್ನಡ ಹೇಗೆ ಕಲಿತೆ?" ಅಂತ. ಬೇರೆ ಊರಿನಲ್ಲಿ ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಕೆಜಿಎಫ್‌ನಿಂದ ಬರುವವರಲ್ಲಿ ತಮಿಳಿನವರಿದ್ದಾರೆ. ಟೌನಿನಲ್ಲಿ ಉರ್ದು ಮನೆಗಳೂ ಬೇಕಾದಷ್ಟು. ಈ ಮಕ್ಕಳಿಗೆ ಕನ್ನಡ ಕಲಿತ ಭಾಷೆ.

ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. "ಶಾಲೇಲಿ ಮೇಷ್ಟ್ರು ಹೇಳೋದು ಕೇಳ್ತಿದ್ದೆ. ಸ್ಲೇಟಿನ ಮೇಲೆ ತಿದ್ದುತಿದ್ದೆ. ಪಕ್ಕದ ಹುಡುಗಿ ಜೊತೆ ಆಡ್ತಾ ಆಡ್ತಾ ಬಂತು ಮೇಡಂ" ಎಂದಳು. ಕಿವಿ, ಕೈ, ಕಣ್ಣು, ಜೊತೆಗಾತಿ, ಎಲ್ಲ ಬಂತಲ್ವಾ? ಈಗಾಗಲೇ ಎರಡು ಭಾಷೆ ಗೆದ್ದಿರುವ ಹುಡುಗಿಗೆ "ನೀನು ನೋಡಿ ಮಾತ್ರ ಕಲಿಯಬಲ್ಲೆ" ಅಂತ ಯಾವುದೋ ಕ್ವಿಜ್ ಹೇಳಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನಾವಳಿಯನ್ನು ಎಸೆದುಬಿಡಿ ಅನ್ನುತ್ತಿಲ್ಲ. ನಾನೂ ಕೊಡುತ್ತೇನೆ, ಕನ್ನಡದಲ್ಲಿ ಬರೆದು. ಉತ್ತರದ ಹಿಂದೆ ಏನಿದೆ ಅಂತ ಕೂತು ಕೇಳುತ್ತೇನೆ. 'ಒಬ್ಬಳೇ ಕಲಿಯುವುದು ಇಷ್ಟ' ಎಂದು ಗುರುತು ಹಾಕಿದವರನ್ನು ಮಾತಾಡಿಸಿದರೆ ಬಹಳ ಸಲ ಒಂದು ಹಳೆಯ ನೋವು ಹೊರಬರುತ್ತದೆ. ಪಿಯುಸಿಯಲ್ಲಿ ಎದ್ದು ನಿಂತು ಓದುವಾಗ ಕ್ಲಾಸಿಗೆ ಕ್ಲಾಸೇ ನಕ್ಕಿರುತ್ತದೆ. ಇದು ಕಲಿಕೆಯ ಶೈಲಿ ಅಲ್ಲ, ಭಯ. 'ಬೋರ್ಡ್ ನೋಡಿ ಬರೆದುಕೊಳ್ಳುವುದು ಇಷ್ಟ' ಅನ್ನುವವರಲ್ಲಿ ಎಷ್ಟೋ ಜನ ಬೇರೆ ರೀತಿ ಕಂಡೇ ಇಲ್ಲ. ಗೈಡ್ ನೋಡಿ ಉರು ಹೊಡೆದೇ ಪಾಸಾದವರು. ಪುಸ್ತಕದ ಪ್ರಕಾರ ಇಂಗ್ಲಿಷ್ ನಮಗೆ ಎರಡನೇ ಭಾಷೆ. ಆದರೆ ಕ್ಲಾಸಿನ ಒಂದು ಗಂಟೆ ಬಿಟ್ಟರೆ ಎಲ್ಲೂ ಮಾತಾಡಲು ಸಿಗದ ಹುಡುಗರಿಗೆ ಅದು ಪರಭಾಷೆಯೇ.

ಭಯ ಇರುವವರನ್ನು ಐದಾರು ಜನರ ಗುಂಪಿಗೆ ನಾನು ಹಾಕುವುದಿಲ್ಲ. ಒಂದೇ ಬಸ್ಸಿನಲ್ಲಿ ಬರುವ ಇಬ್ಬರನ್ನು ಜೋಡಿ ಮಾಡುತ್ತೇನೆ. ಬಸ್ಸಿನಲ್ಲಿ ಒಬ್ಬಳು ಕೇಳಬೇಕು, ಇನ್ನೊಬ್ಬಳು ಹೇಳಬೇಕು. ಕ್ಲಾಸಿನಲ್ಲಿ ವಾರಕ್ಕೆ ಎರಡು ದಿನ ಉಕ್ತಲೇಖನ. ಒಂದು ವಾಕ್ಯವನ್ನು ಎರಡು ಸಲ ಸುಮ್ನೆ ಕೇಳಬೇಕು, ಮೂರನೇ ಸಲ ಬರೆಯಬೇಕು, ಆಮೇಲೆ ಪುಸ್ತಕ ತೆರೆದು ತಾವೇ ತಿದ್ದಿಕೊಳ್ಳಬೇಕು, ಕೊನೆಗೆ ಗಟ್ಟಿಯಾಗಿ ಓದಬೇಕು. ಹದಿನೈದು ನಿಮಿಷ ಸಾಕು. ಡಿಗ್ರಿಗೆ ಬಂದು ಉಕ್ತಲೇಖನವಾ ಅಂತ ಮೊದಲು ಮುಖ ಸಣ್ಣ ಮಾಡುತ್ತಾರೆ. ತಿಂಗಳಾದ ಮೇಲೆ ತಾವೇ ಕೇಳಿ ಮಾಡಿಸಿಕೊಳ್ಳುತ್ತಾರೆ.

ಮನೆಯಲ್ಲಿ ಓದುವವರಿಗೆ ಒಂದೇ ಕೆಲಸ ಹೇಳುತ್ತೇನೆ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ನೆನಪಿರುವಷ್ಟು ಬರೆಯಿರಿ. 2006ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು. ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮೇಡಂ, ಪರೀಕ್ಷೆ ನಾಳೇನೇ ಇದ್ರೆ?"

ಒಳ್ಳೆಯ ಪ್ರಶ್ನೆ. ಹಾಗಾಗಿ ನನ್ನ ಇಂಟರ್ನಲ್ಸ್‌ನಲ್ಲಿ ಈಗ ಅರ್ಧದಷ್ಟು ಅಂಕ ಒಂದು ತಿಂಗಳ ಹಿಂದಿನ ಪಾಠಕ್ಕೆ.