ಪದಕಕ್ಕೆ ದುಡ್ಡಿದೆ, ಗಾಯಕ್ಕೆ?

"ಮೇಡಂ, ಇದನ್ನ ರಿಪೋರ್ಟ್‌ನಲ್ಲಿ ಬರೀಬೇಡಿ ಪ್ಲೀಸ್."

ಕ್ರೀಡಾ ಫಿಸಿಯೊ ಆಗಿ ನಾನು ಓಟಗಾರರಿಂದ ಪದೇ ಪದೇ ಕೇಳುವ ಮಾತಿದು. ಹುಡುಗನನ್ನು ಬೋರಲು ಮಲಗಿಸಿ, ಮಂಡಿ ಮಡಚಿಸಿ, ಹಿಮ್ಮಡಿ ಹಿಡಿದು ಎಳೆದು ನೋಡುತ್ತೇನೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದಿದ್ದರೆ ಕಾಲು ತಡೆದು ನಿಲ್ಲುವುದಿಲ್ಲ. ಆದರೂ ಅವನು ಹಲ್ಲು ಕಚ್ಚಿಕೊಂಡು "ಸ್ವಲ್ಪ ಹಿಡ್ಕೊಂಡಿದೆ ಅಷ್ಟೆ" ಅನ್ನುತ್ತಾನೆ. ಮುಂದಿನ ತಿಂಗಳು ಮೀಟ್ ಇದೆ. ಟೈಮಿಂಗ್ ಬರದಿದ್ದರೆ ಪಟ್ಟಿಯಿಂದ ಹೆಸರು ಹೋಗಬಹುದು ಎಂಬ ಭಯ ಅವನಿಗೆ.

ಪಟ್ಟಿ ಅಂದರೆ ಸರ್ಕಾರದ ನೆರವಿನ ಪಟ್ಟಿ. ಕೇಂದ್ರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ಎಂದು ನಿಗದಿಯಾಗಿದೆ. ಇದನ್ನು ಕೇಳಿದ ನೆಂಟರಿಷ್ಟರು ಹುಡುಗನ ಬದುಕು ಸೆಟ್ಲ್ ಆಯಿತು ಅಂದುಕೊಳ್ಳುತ್ತಾರೆ. ಆದರೆ ಅವನ ಕೈಗೆ ಬರುವುದು ತಿಂಗಳಿಗೆ 10,000. ಉಳಿದದ್ದು ತರಬೇತಿ, ಊಟ, ಸಲಕರಣೆ ಅಂತ ಬೇರೆ ಬೇರೆ ಲೆಕ್ಕದಲ್ಲಿ ಖರ್ಚಾಗುತ್ತದೆ. ಅದರ ಮೇಲಿನ ಮೆಟ್ಟಿಲು 2014ರಲ್ಲಿ ಶುರುವಾದ ಟಾಪ್ಸ್, ಅಂದರೆ ಒಲಿಂಪಿಕ್ಸ್ ಪದಕದ ಗುರಿಯ ಕೇಂದ್ರ ಯೋಜನೆ. ಅಲ್ಲಿ ಒಲಿಂಪಿಕ್ಸ್ ಪದಕದ ಹತ್ತಿರ ಇರುವವರಿಗೆ ತಿಂಗಳಿಗೆ 50,000, ಮುಂದೆ ಬರಬಹುದಾದವರಿಗೆ 25,000. ವಿದೇಶಿ ತರಬೇತಿ, ಕೋಚ್, ಫಿಸಿಯೊ ಖರ್ಚಿಗೆ ಈ ಯೋಜನೆ ನೋಡಿಕೊಳ್ಳುವ ಮಿಷನ್ ಒಲಿಂಪಿಕ್ ಸೆಲ್ ಎಂಬ ಸಮಿತಿ ಪ್ರತ್ಯೇಕವಾಗಿ ಒಪ್ಪಿಗೆ ಕೊಡುತ್ತದೆ.

ಎರಡೂ ಕಡೆ ಕಾಲಕಾಲಕ್ಕೆ ಸಾಧನೆ ನೋಡಿ ಹೆಸರು ಸೇರಿಸುತ್ತಾರೆ, ತೆಗೆಯುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ. ಜನರ ತೆರಿಗೆ ದುಡ್ಡು, ಲೆಕ್ಕ ಕೇಳಲೇಬೇಕು. ಆದರೆ ಫಾರ್ಮ್ ಹೋದವನೂ ಗಾಯಗೊಂಡವನೂ ಒಂದೇ ಅಲ್ಲ, ಅಲ್ವಾ? ಕೆಳಗಿನ ಮೆಟ್ಟಿಲಿನ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರಾದರೂ ಗಮನಿಸುತ್ತಾರೆ ಎಂಬ ನಂಬಿಕೆಯೇ ಇಲ್ಲ. ಅದಕ್ಕೇ ಮುಚ್ಚಿಡುತ್ತಾರೆ. ಒಂದು ಎಂಆರ್‌ಐ ಮಾಡಿಸಿದರೆ ತಿಂಗಳ ಭತ್ಯೆಯಲ್ಲಿ ಬಹುಪಾಲು ಅಲ್ಲೇ ಮುಗಿಯಿತು. ಹಾಗಾಗಿ ಸ್ಕ್ಯಾನ್ ಬಿಟ್ಟು ಊರಿನ ಕ್ಲಿನಿಕ್‌ನಲ್ಲಿ ನೋವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಅದು ಸ್ಟೆರಾಯ್ಡ್ ಆಗಿದ್ದರೆ ಇನ್ನೂ ದೊಡ್ಡ ಕಷ್ಟ. ಕಾರ್ಟಿಸೋನ್ ಜಾತಿಯ ಔಷಧಿಯನ್ನು ದೇಹದ ಯಾವ ಭಾಗಕ್ಕೇ ಚುಚ್ಚಿಸಿಕೊಂಡರೂ, 2022ರಿಂದ ಸ್ಪರ್ಧೆಯ ವೇಳೆ ಅದು ನಿಷಿದ್ಧ. ಹಿಂದಿನ ವಾರದ ಇಂಜೆಕ್ಷನ್ ಕೂಡ ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬೀಳಬಹುದು.

ಗಾಯದ ಕಾಲದಲ್ಲಿ ಕೈ ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಇದ್ದಾರೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷದ ದೋಹಾ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಚೇತರಿಕೆಯ ಒಂದು ಭಾಗ ನಮ್ಮ ಬಳ್ಳಾರಿ ಪಕ್ಕದ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ತರಬೇತಿ ಸಂಸ್ಥೆಯಲ್ಲೇ ನಡೆಯಿತು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ತರಬೇತಿ. 2020ರ ಜನವರಿಯಲ್ಲಿ ಅಲ್ಲೇ 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹರಾದರು. ಮುಂದಿನ ಕತೆ ಎಲ್ಲರಿಗೂ ಗೊತ್ತು. ಆದರೆ ಆಗಲೇ ಅವರು ಏಷ್ಯನ್ ಗೇಮ್ಸ್ ಚಾಂಪಿಯನ್ ಆಗಿದ್ದರು. ಅದೇ ತಾಳ್ಮೆಯನ್ನು ರಾಜ್ಯ ಮಟ್ಟದಲ್ಲಿ ಗೆದ್ದ ಹದಿನೇಳರ ಹುಡುಗಿಗೂ ತೋರಿಸಿ ಎಂಬುದೇ ನನ್ನ ಬೇಡಿಕೆ. ವೈದ್ಯರು ಗಾಯ ಅಂತ ಬರೆದುಕೊಟ್ಟ ದಿನದಿಂದ ವಾಪಸ್ ಓಡಬಹುದು ಅನ್ನುವ ದಿನದವರೆಗೆ ಸಾಧನೆಯ ಲೆಕ್ಕ ನಿಲ್ಲಲಿ. ಭತ್ಯೆ ನಿಲ್ಲದಿರಲಿ. ಸ್ಕ್ಯಾನ್ ಖರ್ಚು ಭತ್ಯೆಯ ಹೊರಗೆ ಇರಲಿ.

ನಿಯಮ ಬದಲಾಗುವವರೆಗೆ ಅಪ್ಪ ಅಮ್ಮಂದಿರು ಮಾಡಬಹುದಾದದ್ದೂ ಇದೆ. ಗಾಯವಾದ ವಾರದಲ್ಲೇ ಕೋಚ್‌ಗೆ, ಯೋಜನೆಯ ಅಧಿಕಾರಿಗೆ ಇಮೇಲ್ ಮಾಡಿ. ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗುವುದಿಲ್ಲ. ಸ್ಕ್ಯಾನ್, ಚೀಟಿ, ಬಿಲ್ಲು ಎಲ್ಲಾ ತಾರೀಕಿನ ಪ್ರಕಾರ ಜೋಡಿಸಿಡಿ. ಮನೆ ಪರಿಸ್ಥಿತಿ ಕಷ್ಟವಿದ್ದರೆ ಕೇಂದ್ರದ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ಕಲ್ಯಾಣ ನಿಧಿಗೂ ಚಿಕಿತ್ಸೆಗಾಗಿ ಅರ್ಜಿ ಹಾಕಬಹುದು. ಯಾವುದೇ ಇಂಜೆಕ್ಷನ್‌ಗೆ ಮುಂಚೆ ಔಷಧಿಯ ಹೆಸರು ಬರೆಸಿಕೊಳ್ಳಿ, ಮಗು ಸ್ಪರ್ಧೆಗೆ ಇಳಿಯುತ್ತದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.