ಬೆಲೆ ಇರುವುದು ಬೇಲಿಯ ಆಚೆ

ಮನೆಗೆ ಬೆಲೆ ಕಟ್ಟಿಸಲು ಬರುವ ಹೆಚ್ಚಿನವರ ಕೈಯಲ್ಲಿ ಒಂದು ಫೈಲು ಇರುತ್ತದೆ. ಅದರ ತುಂಬ ಬಿಲ್ಲುಗಳು: ನೆಲಕ್ಕೆ ಹಾಸಿದ ಮಾರ್ಬಲ್, ತೇಗದ ಬಾಗಿಲು, ಅಡುಗೆಮನೆಯ ಕಪಾಟು, ಮೆಟ್ಟಿಲಿನ ಸ್ಟೀಲು ಕಂಬಿ. ಎಲ್ಲವನ್ನೂ ಕೂಡಿ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಮೊತ್ತ ಬರೆದಿರುತ್ತಾರೆ. “ಇಷ್ಟು ಖರ್ಚಾಗಿದೆ ಸರ್, ಇದಕ್ಕಿಂತ ಕಡಿಮೆ ಹೇಗೆ ಆಗುತ್ತೆ?”

ಆಗುತ್ತದೆ. ಬಹಳ ಸಲ ಆಗುತ್ತದೆ. ನೀವು ಸುರಿದ ಹಣ ನಿಮ್ಮ ಖರ್ಚು. ಕೊಳ್ಳುವವರು ಕೊಡಲು ಒಪ್ಪುವ ಹಣ ಅದರ ಬೆಲೆ. ಇವೆರಡೂ ಒಂದೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ. ಇಷ್ಟು ಹೇಳಿದರೆ ಹೆಚ್ಚಿನವರು ತಲೆಯಾಡಿಸುತ್ತಾರೆ. ಆದರೆ ಇದರ ಹಿಂದಿರುವ ಮಾತು ತಲೆಗೆ ಹತ್ತುವುದಿಲ್ಲ, ಅದಕ್ಕೇ ಈ ಅಂಕಣ. ಜಮೀನಿನ ಬೆಲೆಯ ದೊಡ್ಡ ಪಾಲು ಹುಟ್ಟುವುದು ಆ ಜಮೀನಿನ ಗಡಿಯ ಹೊರಗೆ. ಬೇಲಿಯೊಳಗೆ ನೀವು ಮಾಡುವುದಕ್ಕಿಂತ ಬೇಲಿಯಾಚೆ ಉಳಿದವರು ಮಾಡಿದ್ದರ ತೂಕ ಹೆಚ್ಚು.

ಜರ್ಮನಿಯ ಯೋಹಾನ್ ಹೈನ್ರಿಚ್ ಫಾನ್ ತ್ಯೂನೆನ್ ಇದನ್ನು 1826ರಲ್ಲೇ ತೋರಿಸಿಕೊಟ್ಟರು. ಅವರು ಸ್ವತಃ ಜಮೀನು ಮಾಡಿಸುತ್ತಿದ್ದವರು, ಲೆಕ್ಕದ ಪುಸ್ತಕ ಇಟ್ಟವರು. ಅವರ ಊಹೆಯ ಬಯಲಿನಲ್ಲಿ ಎಲ್ಲೆಡೆ ಒಂದೇ ಮಣ್ಣು, ಒಂದೇ ಫಲವತ್ತತೆ, ನಟ್ಟನಡುವೆ ಒಂದೇ ಒಂದು ಪಟ್ಟಣ. ಮಣ್ಣಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೂ ನೆಲದ ಗೇಣಿ ಪಟ್ಟಣದ ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ. ಬೇಗ ಕೆಡುವ ಹಾಲು ತರಕಾರಿ ಪಟ್ಟಣದ ಮಗ್ಗುಲಲ್ಲೇ. ಅದರಾಚೆ ಕಾಡು, ಏಕೆಂದರೆ ಸೌದೆ ಭಾರ, ಸಾಗಿಸುವುದು ದುಬಾರಿ. ಅದರಾಚೆ ಧಾನ್ಯ. ಕಟ್ಟಕಡೆಗೆ ದನಗಳು, ಅವು ತಾವೇ ನಡೆದು ಬರುತ್ತವೆ. ಬೆಲೆ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳುವುದು ಈ ದನಗಳ ಕತೆಯನ್ನೇ. ಅದು ಅರ್ಥವಾದವರಿಗೆ ಉಳಿದದ್ದು ತಾನಾಗಿ ಬರುತ್ತದೆ.

ಇದೇ ಲೆಕ್ಕ ಒಂದು ಸೈಟಿನ ಒಳಗೂ ನಡೆಯುತ್ತದೆ. ಅಮೆರಿಕದ ಮೌಲ್ಯಮಾಪಕರಲ್ಲಿ 4-3-2-1 ಎಂಬ ಹಳೆಯ ಸೂತ್ರವೊಂದಿದೆ. ರಸ್ತೆಯಿಂದ ಹಿಂದಕ್ಕೆ ಸೈಟನ್ನು ನಾಲ್ಕು ಸಮಪಾಲು ಮಾಡಿದರೆ ರಸ್ತೆಗೆ ತಾಗಿದ ಪಾಲು ಒಟ್ಟು ಬೆಲೆಯ ಶೇ. 40ನ್ನು ಹೊರುತ್ತದೆ, ಅದರ ಹಿಂದಿನದು 30, ಆಮೇಲಿನದು 20, ಕೊನೆಯದು 10. ಇದು ಅಂದಾಜಿನ ಸೂತ್ರ. ಅಂಗಡಿ ಬೀದಿಗೆ ಹೊಂದುವಷ್ಟು ತೋಟದ ಮನೆಗೆ ಹೊಂದುವುದಿಲ್ಲ, ಎಲ್ಲೆಂದರಲ್ಲಿ ಹಾಕಬೇಡಿ. ಆದರೆ ಅದೇ ಮಣ್ಣು, ಅದೇ ಒಡೆಯ, ಅದೇ ಬೇಲಿ ಇದ್ದರೂ ರಸ್ತೆಯಿಂದ ಹಿಂದೆ ಸರಿದಂತೆ ಒಂದೊಂದು ಅಡಿಯ ಬೆಲೆಯೂ ಇಳಿಯುತ್ತದೆ ಎನ್ನುವುದನ್ನು ಗಮನಿಸಿ. ರಸ್ತೆ ನಿಮ್ಮದಲ್ಲ, ನೀವು ಹಾಕಿಸಿದ್ದೂ ಅಲ್ಲ.

ಕಟ್ಟಡದ ವಿಷಯ ಬೇಗ ಮುಗಿಸುತ್ತೇನೆ. ಕಟ್ಟಡ ಸವೆಯುವ ವಸ್ತು. ಕಟ್ಟಿದ ದಿನದಿಂದಲೇ ಅದರ ಆಯಸ್ಸು ಕಡಿಮೆಯಾಗುತ್ತಾ ಬರುತ್ತದೆ. ಹಳೆ ಮನೆಯ ಬೆಲೆ ಏರಿದೆ ಎಂದರೆ ಸಾಮಾನ್ಯವಾಗಿ ಏರಿದ್ದು ಅದರಡಿಯ ನೆಲ.

ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ನನ್ನನ್ನು ಮನೆಗೆ ಕರೆದಿದ್ದರು. ಮಗಳ ಊರಿಗೆ ಹೋಗಿ ನೆಲೆಸಬೇಕು, ಮನೆ ಮಾರಬೇಕು ಎಂದರು. ಚೊಕ್ಕ ಮನೆ. ಮೇಷ್ಟ್ರು ಬಾಗಿಲಿನ ಚೌಕಟ್ಟನ್ನು ಬೆರಳಿನಿಂದ ಕುಟ್ಟಿ ಸದ್ದು ಕೇಳಿಸಿದರು, ಗೋಡೆಯ ಮೂಲೆಗೆ ಮಟ್ಟಗೋಲು ಹಿಡಿದು ತೋರಿಸಿದರು. ಎಲ್ಲವೂ ನಿಜ, ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ಮನೆ ನಾನು ಕಂಡದ್ದು ಕಡಿಮೆ. ಆದರೆ ಒಳಗೆ ಬರುವಾಗಲೇ ನನ್ನ ಕಣ್ಣು ದಾರಿಯ ಮೇಲಿತ್ತು. ಮನೆ ಇದ್ದದ್ದು ಹಿಂದಿನ ಸೈಟಿನಲ್ಲಿ. ರಸ್ತೆಗೆ ಬರಲು ಮುಂದಿನವರ ಜಾಗದ ಪಕ್ಕದಲ್ಲಿ ಎಂಟು ಅಡಿಯ ಓಣಿ. ಅದರ ಬಾಯಲ್ಲಿ ಮುಂದಿನ ಮನೆಯವರ ಕಬ್ಬಿಣದ ಗೇಟು, ಗೇಟಿಗೆ ಒರಗಿಸಿದ ಅವರ ಸೈಕಲ್ಲು.

“ಈ ದಾರಿ ಯಾರದು ಮೇಷ್ಟ್ರೇ?”

“ಅವರದೇ. ಮೂವತ್ತು ವರ್ಷದಿಂದ ಓಡಾಡ್ತಿದ್ದೀವಿ, ಒಂದು ದಿನ ಬೇಡ ಅಂದವರಲ್ಲ.”

ಪತ್ರ ತರಿಸಿ ಚಕ್ಕುಬಂದಿ ಓದಿದೆ. ನಾಲ್ಕೂ ದಿಕ್ಕಿಗೆ ಬೇರೆಯವರ ಸ್ವತ್ತು, ದಾರಿಯ ಮಾತೇ ಇಲ್ಲ. ಆ ದಿನ ನಾನು ಹೇಳಿದ ಮೊತ್ತ ಕೇಳಿ ಅಮ್ಮ ಒಳಗೆ ಎದ್ದು ಹೋದರು. ಮೇಷ್ಟ್ರು ಮತ್ತೆ ಬಿಲ್ಲಿನ ಫೈಲು ತೆಗೆದರು. ನನಗೆ ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂತು. ಮೇಷ್ಟ್ರ ಮೇಲಲ್ಲ, ಮೂವತ್ತು ವರ್ಷದಲ್ಲಿ ಒಬ್ಬರೂ ಅವರಿಗೆ ಇದನ್ನು ಹೇಳಲಿಲ್ಲವಲ್ಲ ಎಂದು. ನೆರೆಯವರ ಒಳ್ಳೆಯತನವನ್ನು ಕೊಳ್ಳುವವರಿಗೆ ಬರೆದುಕೊಡಲಾಗುವುದಿಲ್ಲ. ಬಹುಕಾಲದ ಓಡಾಟದಿಂದಲೇ ಹಕ್ಕು ಹುಟ್ಟುವ ಸಂದರ್ಭಗಳೂ ಕಾನೂನಿನಲ್ಲಿವೆ, ಆದರೆ ಅನುಮತಿಯ ಮೇಲೆ ನಡೆದ ಓಡಾಟಕ್ಕೆ ಸಾಮಾನ್ಯವಾಗಿ ಆ ಬಲ ಬರುವುದಿಲ್ಲ. ನಿಮ್ಮ ನೆಲದ ಕಾನೂನು ಏನೆನ್ನುತ್ತದೆ ಎಂಬುದನ್ನು ವಕೀಲರನ್ನೇ ಕೇಳಿ.

ದಾರಿಗೆ ಎಷ್ಟು ಬೆಲೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ 1961ರ ಒಂದು ಪ್ರಸಿದ್ಧ ತೀರ್ಮಾನವಿದೆ. ಖಾಸಗಿಯವರ ಜಮೀನೊಂದನ್ನು ಕೇಂಬ್ರಿಜ್ ನಗರಾಡಳಿತ ವಶಪಡಿಸಿಕೊಂಡಿತು. ಅಲ್ಲಿ ಕಟ್ಟಡ ಏಳಬೇಕಿದ್ದರೆ ನಗರಾಡಳಿತದ್ದೇ ಆದ ನೆಲವನ್ನು ದಾಟಿ ಹೋಗಬೇಕಿತ್ತು. ಅಭಿವೃದ್ಧಿಯಿಂದ ಏರುವ ಬೆಲೆಯಲ್ಲಿ ಮೂರನೇ ಒಂದು ಪಾಲು ಆ ದಾರಿಯ ನೆಲಕ್ಕೆ ಸಲ್ಲತಕ್ಕದ್ದು ಎಂದು ನ್ಯಾಯಮಂಡಳಿ ಲೆಕ್ಕ ಹಾಕಿತು. ಎಲ್ಲ ಪ್ರಕರಣಕ್ಕೂ ಮೂರನೇ ಒಂದೇ ಎಂದಲ್ಲ, ಆದರೂ ಇಂಥ ಮಾತುಕತೆಗಳು ಅಲ್ಲಿ ಇವತ್ತಿಗೂ ಈ ಅಂಕಿಯಿಂದ ಶುರುವಾಗುವುದುಂಟು. ಬರಿಯ ಪಟ್ಟಿಯಷ್ಟು ನೆಲ, ಅದರಲ್ಲಿ ಹುಲ್ಲೂ ಬೆಳೆಯದಿರಬಹುದು. ಅದಕ್ಕೆ ಬೆಲೆ ಬಂದದ್ದು ಅದರ ಹಿಂದಿರುವ ಜಮೀನಿನಿಂದ.

ರೈಲು ಬಂದಾಗಲೂ ಇದೇ ಕತೆ. ಹಾಂಗ್‌ಕಾಂಗ್‌ನ ಮೆಟ್ರೊ ಸಂಸ್ಥೆ ನಿಲ್ದಾಣಗಳ ಮೇಲೆ, ಅಕ್ಕಪಕ್ಕ ಕಟ್ಟಡ ಎಬ್ಬಿಸುವ ಹಕ್ಕು ಪಡೆದು, ಆ ಆದಾಯದಿಂದಲೇ ಹಳಿ ಹಾಕುವ ವೆಚ್ಚದ ದೊಡ್ಡ ಪಾಲನ್ನು ತೂಗಿಸುತ್ತದೆ. ರೈಲಿನಿಂದ ನೆಲದ ಬೆಲೆ ಏರುತ್ತದೆಂದು ಅವರಿಗೆ ಮೊದಲೇ ಗೊತ್ತಿದೆ, ಆ ಏರಿಕೆಯನ್ನು ಬೇರೆಯವರ ಕಿಸೆಗೆ ಬಿಡುವುದಿಲ್ಲ.

ಬಡ್ಡಿದರವೂ ಬೇಲಿಯಾಚೆಯದೇ. ವರ್ಷಕ್ಕೆ 100 ಬಾಡಿಗೆ ತರುವ ಅಂಗಡಿಗೆ ಕೊಳ್ಳುವವರು ಶೇ. 5ರ ಆದಾಯ ಸಾಕೆಂದರೆ ಬೆಲೆ 2,000. ಬಡ್ಡಿ ಇಳಿದು, ಶೇ. 4 ಆದರೂ ಸಾಕೆಂದರೆ 2,500. ಅಂಗಡಿಯ ಒಂದು ಇಟ್ಟಿಗೆಯೂ ಅಲುಗಿಲ್ಲ, ಬಾಡಿಗೆ ಒಂದು ಕಾಸೂ ಏರಿಲ್ಲ, ಬೆಲೆ ಮಾತ್ರ ಕಾಲು ಪಾಲು ಹೆಚ್ಚಾಯಿತು. ತಿರುಗಿ ಇಳಿಯುವುದೂ ಹೀಗೆಯೇ. ಬೆಲೆ ಏರಿದಾಗ “ನಾನು ಚೆನ್ನಾಗಿ ನೋಡಿಕೊಂಡೆ” ಎನ್ನುವವರು ಇಳಿದಾಗ ನನ್ನ ವರದಿಯ ಮೇಲೆ ಸಿಟ್ಟಾಗುತ್ತಾರೆ.

ಹಾಗಾದರೆ ಮನೆ ಚೆನ್ನಾಗಿ ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಕಟ್ಟಿ. ನೀವು ಬಾಳುವ ಮನೆ, ಮಾರ್ಬಲ್ ಹಾಕಿ, ತೇಗ ಹಾಕಿ, ಅದರ ಸುಖ ನಿಮ್ಮದು. ಅದನ್ನು ಮುಂದೆ ಕೊಳ್ಳುವವರ ತಲೆಗೆ ಕಟ್ಟುವ ಲೆಕ್ಕ ಮಾತ್ರ ಬೇಡ. ಕೊಳ್ಳುವ ಮೊದಲು ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಹೊರಗೆ ಕಳೆಯಿರಿ. ಮಳೆ ಬಂದ ಮರುದಿನ ನೀರು ಎತ್ತ ಹರಿಯುತ್ತದೆ ನೋಡಿ. ದಾರಿಯ ಅಗಲ ಅಳೆಯಿರಿ, ಅದೇ ಅಗಲ ಪತ್ರದಲ್ಲೂ ಇದೆಯೇ ಓದಿ. ಪಕ್ಕದ ಖಾಲಿ ಜಾಗದಲ್ಲಿ ಏನು ಕಟ್ಟಲು ಅನುಮತಿಯಿದೆ ಎಂದು ವಿಚಾರಿಸಿ.

ಮೇಷ್ಟ್ರು ಆಮೇಲೆ ನಾಲ್ಕು ತಿಂಗಳು ಓಡಾಡಿದರು. ಮುಂದಿನ ಮನೆಯವರೊಂದಿಗೆ ಕೂತು ಮಾತಾಡಿ, ಒಂದು ಮೊತ್ತ ಕೊಟ್ಟು, ಓಣಿಯ ಶಾಶ್ವತ ಹಕ್ಕನ್ನು ಬರೆಸಿ ನೋಂದಣಿ ಮಾಡಿಸಿದರು. ನಾನು ಎರಡನೆಯ ಸಲ ಹೋದಾಗ ಸೈಕಲ್ಲು ಇನ್ನೂ ಅಲ್ಲೇ ಇತ್ತು, ಗೇಟಿನ ಬೀಗ ತೆಗೆದಿದ್ದರು. ಮನೆಯಲ್ಲಿ ಒಂದು ಮೊಳೆಯೂ ಬದಲಾಗಿರಲಿಲ್ಲ. ಮೊದಲಿನ ಅಂಕಿಯನ್ನು ಹೊಡೆದುಹಾಕಿ ಹೊಸದು ಬರೆದೆ. ಹಕ್ಕಿಗೆ ಅವರು ತೆತ್ತದ್ದನ್ನು ಕಳೆದರೂ ಬಹಳ ಮಿಕ್ಕಿತು. ಅಮ್ಮ ಈ ಸಲ ಎದ್ದು ಹೋಗಲಿಲ್ಲ.