ಓದುಗರ ಪ್ರಶ್ನೆ: ಲಿಕ್ವಿಡ್ ಕೂಲರ್ ಇದ್ದೂ ಪ್ರೊಸೆಸರ್ 100 ಡಿಗ್ರಿ ಮುಟ್ಟುವುದೇಕೆ?

"ಯಕ್ಷಗಾನದ ವಿಡಿಯೋ ಎಡಿಟ್ ಮಾಡಲೆಂದು ಎರಡು ವರ್ಷದ ಹಿಂದೆ ಡೆಸ್ಕ್‌ಟಾಪ್ ಕಟ್ಟಿಸಿದ್ದೆ. ಇಂಟೆಲ್ ಐ7-13700ಕೆ ಪ್ರೊಸೆಸರ್, 240 ಮಿ.ಮೀ. ಲಿಕ್ವಿಡ್ ಕೂಲರ್. ಈಗ ಎಕ್ಸ್‌ಪೋರ್ಟ್ ಕೊಟ್ಟರೆ ಉಷ್ಣತೆ 100 ಡಿಗ್ರಿಗೆ ಏರುತ್ತದೆ, ಫ್ಯಾನುಗಳು ಬೊಬ್ಬೆ ಹೊಡೆಯುತ್ತವೆ, ಆಮೇಲೆ ಕೆಲಸವೇ ಮುಂದೆ ಹೋಗುವುದಿಲ್ಲ. ಒಳಗಿನ ನೀರು ಮುಗಿದಿದೆ, ಹೊಸ ಕೂಲರ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ನಿಜವೇ?" ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರು ಹೀಗೆ ಕೇಳಿದ್ದಾರೆ. ಬೇಸಗೆ ಶುರುವಾದರೆ ಸಾಕು, ಬದಿಯಡ್ಕ, ಕುಂಬಳೆ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ.

ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಈ ಕೂಲರಿನಲ್ಲಿ ಪ್ರೊಸೆಸರಿನ ಮೇಲೆ ಕೂತ ಬ್ಲಾಕ್ ಬಿಸಿಯನ್ನು ನೀರಿಗೆ ಕೊಡುತ್ತದೆ, ಹೆಚ್ಚಾಗಿ ಬ್ಲಾಕಿನೊಳಗೇ ಇರುವ ಸಣ್ಣ ಪಂಪ್ ಆ ನೀರನ್ನು ಪೈಪಿನಲ್ಲಿ ಓಡಿಸುತ್ತದೆ, ಫ್ಯಾನ್ ಕಟ್ಟಿದ ರೇಡಿಯೇಟರ್ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಎರಡೇ ವರ್ಷಕ್ಕೆ ನೀರು ಮುಗಿಯುವುದು ಬಹಳ ಅಪರೂಪ. ರಬ್ಬರ್ ಪೈಪಿನ ಮೂಲಕ ಒಂದಿಷ್ಟು ತೇವ ಆವಿಯಾಗಿ ಹೋಗುವುದು ನಿಜ, ಆದರೆ ಅದರ ಪರಿಣಾಮ ಕಾಣಲು ಸಾಮಾನ್ಯವಾಗಿ ಐದಾರು ವರ್ಷ ಬೇಕು.

ಮೊದಲು ಡಿಗ್ರಿಯನ್ನಲ್ಲ, ವ್ಯಾಟ್, ಅಂದರೆ ಪ್ರೊಸೆಸರ್ ಎಳೆಯುವ ಕರೆಂಟಿನ ಲೆಕ್ಕ ನೋಡಿ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಸಿಪಿಯು ಪ್ಯಾಕೇಜ್ ಪವರ್ ಎಂಬ ಸಾಲು ಸಿಗುತ್ತದೆ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಹೇಳಿದ ಮೂಲ ಮಿತಿ 125 ವ್ಯಾಟ್, ಗರಿಷ್ಠ 253 ವ್ಯಾಟ್. ಎಷ್ಟೋ ಮದರ್‌ಬೋರ್ಡುಗಳು ಈ ಮಿತಿಯನ್ನೇ ತೆಗೆದುಹಾಕಿರುತ್ತವೆ. ಬಯೋಸ್ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್) ತೆರೆದರೆ ಮಿತಿಯ ಜಾಗದಲ್ಲಿ 4096 ವ್ಯಾಟ್ ಎಂದು ಕಾಣುವುದೂ ಉಂಟು. ಎಕ್ಸ್‌ಪೋರ್ಟ್ ಹೊತ್ತಿಗೆ 240, 250 ವ್ಯಾಟ್ ತೋರಿಸುತ್ತಿದ್ದರೆ ಕೂಲರ್ ಸರಿಯೇ ಇರಬಹುದು. ನಮ್ಮ ಏಪ್ರಿಲಿನ ಸೆಕೆಯಲ್ಲಿ 240ರ ರೇಡಿಯೇಟರ್ ಅಷ್ಟು ಬಿಸಿಯನ್ನು ಹೊರಹಾಕಲು ಒದ್ದಾಡುತ್ತದೆ. ಬಯೋಸಿನಲ್ಲಿ ಮಿತಿಯನ್ನು 160-180 ವ್ಯಾಟಿಗೆ ಇಳಿಸಿ. ವಿಡಿಯೋ ಮುಗಿಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿದೀತು, ಆದರೆ ಯಂತ್ರ 100 ಡಿಗ್ರಿಗೆ ತಲೆ ಹೊಡೆದುಕೊಳ್ಳುವುದು ನಿಲ್ಲುತ್ತದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ; ಖರ್ಚಿಲ್ಲ, ಸ್ಕ್ರೂ ಬಿಚ್ಚಬೇಕಿಲ್ಲ.

ಅದೇ 70, 80 ವ್ಯಾಟಿಗೇ 95 ಡಿಗ್ರಿ ದಾಟುತ್ತಿದೆ ಎಂದಾದರೆ ಕೂಲರಿನಲ್ಲಿ ತೊಂದರೆ ಇದೆ. ಎಲ್ಲಿದೆ ಎಂದು ಕಂಡುಹಿಡಿಯಲು ಕೈ ಸಾಕು. ಕ್ಯಾಬಿನೆಟ್ಟಿನ ಬದಿಯ ಗಾಜು ತೆಗೆದು ಚಾಪೆಯ ಮೇಲಿಡಿ, ಫ್ಯಾನಿನ ರೆಕ್ಕೆಗೆ ಬೆರಳು ತಾಗದ ಹಾಗೆ ಎರಡು ಪೈಪುಗಳನ್ನೂ ಪ್ರೊಸೆಸರಿನ ಮೇಲೆ ಕೂತಿರುವ ಬ್ಲಾಕನ್ನೂ ಮುಟ್ಟಿ ನೋಡಿ. ಬ್ಲಾಕ್ ಮುಟ್ಟಲಾಗದಷ್ಟು ಬಿಸಿ, ಅದರ ಬುಡದಲ್ಲಿ ಪೈಪೂ ಬಿಸಿ, ಆದರೆ ರೇಡಿಯೇಟರ್ ತಣ್ಣಗಿದೆ ಎಂದರೆ ನೀರು ಓಡುತ್ತಿಲ್ಲ. ಎರಡೂ ಪೈಪು, ರೇಡಿಯೇಟರ್ ಎಲ್ಲ ಒಂದೇ ಹದಕ್ಕೆ ಚೆನ್ನಾಗಿ ಬಿಸಿಯಾಗಿವೆ ಎಂದರೆ ನೀರು ಓಡುತ್ತಿದೆ, ಬಿಸಿ ಹೊರಗೆ ಹೋಗುತ್ತಿಲ್ಲ. ಎಲ್ಲವೂ ನಸುಬೆಚ್ಚಗಿದ್ದು ಪರದೆಯ ಮೇಲೆ ಮಾತ್ರ 95 ಎಂದಿದ್ದರೆ, ಪ್ರೊಸೆಸರಿನ ಬಿಸಿ ನೀರಿನವರೆಗೆ ಬರುತ್ತಲೇ ಇಲ್ಲ.

ಪಂಪ್ ಸರಿಯಿದ್ದಾಗ ಎರಡು ಪೈಪುಗಳ ನಡುವೆ ವ್ಯತ್ಯಾಸ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿ. ನಿಮಿಷಕ್ಕೆ ಒಂದು ಲೀಟರ್ ನೀರು ಓಡುತ್ತಿದ್ದು 200 ವ್ಯಾಟ್ ಬಿಸಿ ಹೊತ್ತರೆ ಬರೇ ಮೂರು ಡಿಗ್ರಿ. ಅದು ಕೈಗೆ ಗೊತ್ತಾಗುವಷ್ಟಲ್ಲ. ಹಾಗಾಗಿ ಒಂದು ಪೈಪು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಬೇರೆ ಸಾಕ್ಷಿ ಬೇಡ.

ನೀರ್ಚಾಲಿನ ಹತ್ತಿರ ಬಂಧುಗಳ ಮನೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಪ್ರೊಸೆಸರಿಗೂ ಬ್ಲಾಕಿಗೂ ನಡುವೆ ಹಚ್ಚುವ ಪೇಸ್ಟ್ ಎರಡು ಸಲ ಬದಲಿಸಿಯಾಗಿತ್ತು. ಪೈಪಿನ ಮೇಲ್ತುದಿಗೆ ಬೆರಳಿಟ್ಟರೆ ಸುಟ್ಟಿತು. ಒಂದು ಗೇಣು ಕೆಳಗೆ ಅದೇ ಪೈಪು ಸುರಂಗದ ನೀರಿನಷ್ಟು ತಣ್ಣಗೆ. ಪಂಪಿನ ವಯರಿನ ಬೆನ್ನು ಹಿಡಿದು ಹೋದರೆ ಅದನ್ನು ಕ್ಯಾಬಿನೆಟ್ ಫ್ಯಾನಿನ ಜಾಗಕ್ಕೆ ಚುಚ್ಚಿದ್ದರು. ಸದ್ದು ಕಡಿಮೆ ಇರಲೆಂದು ಬಯೋಸಿನಲ್ಲಿ ಆ ಫ್ಯಾನಿನ ವೇಗ ಇಳಿಸಿದ್ದರಿಂದ ಪಂಪಿಗೆ ತಿರುಗುವಷ್ಟು ಕರೆಂಟೇ ಸಿಗುತ್ತಿರಲಿಲ್ಲ. ವಯರನ್ನು ಮದರ್‌ಬೋರ್ಡಿನಲ್ಲಿ 'ಎಐಒ ಪಂಪ್' (ಎಐಒ ಎಂದರೆ ಇಂಥ ಲಿಕ್ವಿಡ್ ಕೂಲರ್) ಎಂದು ಬರೆದ ಪಿನ್ನಿಗೆ ಬದಲಿಸಿ, ಪೂರ್ತಿ ವೇಗ ಕೊಟ್ಟೆವು. ನಿಮಿಷದೊಳಗೆ 90ರ ಮೇಲಿದ್ದದ್ದು 50ರ ಆಸುಪಾಸಿಗೆ ಇಳಿಯಿತು. ನಿಮ್ಮದರಲ್ಲೂ ಬಯೋಸ್ ತೆರೆದು ಪಂಪಿನ ಆರ್‌ಪಿಎಂ ನೋಡಿ. ಸೊನ್ನೆ ತೋರಿಸಿದರೆ ಮೊದಲು ವಯರು ಪರೀಕ್ಷಿಸಿ, ಆಮೇಲೆ ಪಂಪ್ ಸತ್ತಿದೆ ಎಂದು ತೀರ್ಮಾನಿಸಿ.

ಪಂಪ್ ತಿರುಗುತ್ತಿದೆ, ಆದರೆ ಗುಳುಗುಳು ಸದ್ದು ಬರುತ್ತಿದೆಯೇ? ತೋಟದ ಪಂಪಿಗೆ ಏರ್ ಹಿಡಿದರೆ ಏನಾಗುತ್ತದೆಂದು ನಮ್ಮವರಿಗೆ ವಿವರಿಸಬೇಕಿಲ್ಲ, ಇಲ್ಲೂ ಅದೇ. ಕೂಲರಿನೊಳಗೆ ಯಾವಾಗಲೂ ಒಂದಿಷ್ಟು ಗಾಳಿ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂರಿಸಿದ್ದರೆ ಆ ಎತ್ತರದ ಜಾಗ ಪಂಪೇ ಆಗಿಬಿಡುತ್ತದೆ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಮೇಲೆ ಇರಲೇಬೇಕು. ಕ್ಯಾಬಿನೆಟ್ಟಿನ ಮಾಡಿನ ಭಾಗಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು.

ಪೈಪು, ರೇಡಿಯೇಟರ್ ಎಲ್ಲವೂ ಬಿಸಿ ಇದ್ದವರ ಮನೆಯಲ್ಲಿ ಹೆಚ್ಚಾಗಿ ತಪ್ಪು ಧೂಳಿನದು. ನಮ್ಮಲ್ಲಿ ಮುರಕಲ್ಲಿನ ಕೆಂಪು ಧೂಳು ಇದೆ, ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ ಎದ್ದ ಧೂಳನ್ನು ಎಲ್ಲರೂ ಉಂಡಿದ್ದೇವೆ. ಅಡಿಕೆ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ನಾರಿನ ಸಣ್ಣ ಪುಡಿಯೂ ಸೇರುತ್ತದೆ. ಇಲ್ಲಿನ ತೇವದ ಗಾಳಿಗೆ ಅದೆಲ್ಲ ಅಂಟಿಕೊಂಡು ಕಂಬಳಿಯ ತುಂಡಿನ ಹಾಗೆ ಆಗುತ್ತದೆ. ಅದು ಕೂರುವುದು ಫ್ಯಾನಿಗೂ ರೇಡಿಯೇಟರಿಗೂ ನಡುವೆ, ಹೊರಗಿನಿಂದ ಎಷ್ಟು ಇಣುಕಿದರೂ ಕಾಣುವುದಿಲ್ಲ. ಯಂತ್ರ ಆರಿಸಿ, ಪ್ಲಗ್ ತೆಗೆದು, ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ನೋಡಬೇಕು. ಒಣಗಿದ ಪೇಂಟಿನ ಬ್ರಶ್ಶಿನಿಂದ ಮೆಲ್ಲಗೆ ಎಬ್ಬಿಸಿ, ಬ್ಲೋವರಿನಿಂದ ಆಚೆ ಬದಿಯಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ನೀರು ಹಾಕಿ ತೊಳೆಯಬೇಡಿ.

ಇನ್ನೊಂದು ಮಾತು: ಕೂಲರಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಕೋಣೆ 25 ಡಿಗ್ರಿ ಇದ್ದಾಗ 80 ಇದ್ದ ಪ್ರೊಸೆಸರ್, ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ 35 ಆದಾಗ 90ಕ್ಕೆ ಹೋಗುತ್ತದೆ. ಕ್ಯಾಬಿನೆಟ್ಟನ್ನು ಕಪಾಟಿನೊಳಗೆ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಪರದೆಯ ಮೇಲೆ 95 ಇದ್ದೂ ನೀರು ನಸುಬೆಚ್ಚಗಿದ್ದರೆ ಬ್ಲಾಕ್ ಬಿಚ್ಚಲೇಬೇಕು. ಹಳೆಯ ಪೇಸ್ಟ್ ಒಣಗಿ ಹುಡಿಯಾಗಿರಬಹುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರಸಿ, ಬಟಾಣಿಯಷ್ಟು ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ತಾಮ್ರದ ತಳಕ್ಕೆ ಅಂಟಿಸಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕೂರಿಸಿದ ಯಂತ್ರಗಳೂ ಇವೆ. ನಿಮ್ಮದು ಎಲ್‌ಜಿಎ 1700 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಬ್ಲಾಕನ್ನು ಬಿಗಿಯಲು ಹಳೆಯ ಸಾಕೆಟ್ಟಿನ ಸ್ಕ್ರೂ ಕಂಬಗಳನ್ನೇ ಬಳಸಿದರೆ ಬ್ಲಾಕ್ ಪ್ರೊಸೆಸರನ್ನು ಸರಿಯಾಗಿ ಒತ್ತುವುದಿಲ್ಲ, ಅದನ್ನೂ ನೋಡಿ.

ಪೈಪಿನ ಸಂದಿನಲ್ಲಿ ಜಿಡ್ಡು ಅಥವಾ ಬಿಳಿ ಕಲೆ ಕಂಡರೆ ನೀರು ಸೋರಿದೆ ಎಂದರ್ಥ; ಆಗ ಮಾತ್ರ ತಕ್ಷಣ ಕರೆಂಟ್ ತೆಗೆದು ಕೂಲರ್ ಬದಲಿಸಿ, ರಿಪೇರಿಗೆ ಕೈ ಹಾಕಬೇಡಿ. ಪಂಪ್ ನಿಜವಾಗಿಯೂ ಸತ್ತಿದ್ದರೆ ಬಿಲ್ ಹುಡುಕಿ. ಎಷ್ಟೋ ಕೂಲರುಗಳಿಗೆ ಐದು ವರ್ಷದ ವಾರಂಟಿ ಇರುತ್ತದೆ, ನಿಮ್ಮದಕ್ಕೆ ಆಗಿರುವುದು ಎರಡು. ಅಂಗಡಿಗೆ ಹೋಗುವಾಗ ಎಷ್ಟು ವ್ಯಾಟಿಗೆ ಎಷ್ಟು ಡಿಗ್ರಿ, ಪಂಪಿನ ಆರ್‌ಪಿಎಂ ಎಷ್ಟು, ಯಾವ ಪೈಪು ಬಿಸಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರ ಮೇಜಿನ ಮೇಲಿಡಿ.